ಏಳು ಗಂಟೆಗೆ ಬಾ

"ನಿಮ್ಮೂರಿಗೆ ಬರೋಕೆ ಟಿಕೆಟ್‌ನಲ್ಲಿ ಮೂರು ಗಂಟೆ ಚಿಲ್ಲರೆ, ವಾಪಸ್ ಹೋಗೋಕೆ ಏಳು ಗಂಟೆ ಚಿಲ್ಲರೆ. ನಮ್ಮ ನಾಲ್ಕು ಗಂಟೇನ ನೀವೇ ನುಂಗಿಬಿಟ್ರಾ, ನೋನಾ?"

ಜಕಾರ್ತಾ ವಿಮಾನ ನಿಲ್ದಾಣದ ಕಾಫಿ ಅಂಗಡಿಯಲ್ಲಿ, ಪಾಳಿ ಮುಗಿಸಿ ಕಣ್ಣುರಿಯುತ್ತಾ ಕೂತಿದ್ದ ತಿಯುರ್ಮಾಳನ್ನು ಹೀಗೆ ಕೆಣಕಿದವನು ಮೆಲ್ಕಿಯಾಸ್. ದೇಶದ ಪೂರ್ವ ತುದಿಯ ಪಾಪುವಾದ ಸೆಂತಾನಿಯಲ್ಲಿ ಗಣಿತದ ಮೇಷ್ಟ್ರು; ಅಲ್ಲಿ ಹುಡುಗಿಯರನ್ನು ಕರೆಯುವುದೇ 'ನೋನಾ' ಎಂದು. ಎರಡೂ ಊರಿನ ಗಡಿಯಾರಕ್ಕೆ ಎರಡು ಗಂಟೆ ವ್ಯತ್ಯಾಸ ಎಂದು ಅವಳು ಸಿಡುಕಿದಳು. ಗೊತ್ತಿದ್ದೇ ಕೇಳಿದೆ ಎಂದು ಅವನು ನಕ್ಕ.

ಸಿಟ್ಟು ನೆತ್ತಿಗೇರಿತು... ಆದರೂ ಫೋನ್ ನಂಬರ್ ಕೊಟ್ಟಳು, ನೋಡಿ!

ವಿಮಾನಗಳ ದಾರಿ, ದೂರ, ಇಂಧನ ಲೆಕ್ಕ ಹಾಕುವುದೇ ಅವಳ ಕೆಲಸ. ಸೆಂತಾನಿಗೆ ಹತ್ತಿರ ಹತ್ತಿರ ಮೂರು ಸಾವಿರದ ಎಂಟುನೂರು ಕಿಲೋಮೀಟರ್ ಎಂದು ನಿದ್ದೆಯಲ್ಲೂ ಹೇಳುವಳು. ಹೋಗಿದ್ದು ಮಾತ್ರ ಒಂದು ಸಲವೂ ಇಲ್ಲ.

ವರ್ಷವಿಡೀ ಫೋನಿನಲ್ಲೇ ಪ್ರೀತಿ ನಡೆಯಿತು; ತನ್ನವರ ರೂಢಿಯಂತೆ ಅವಳೂ ಅವನನ್ನು ಸಲಿಗೆಯಿಂದ 'ಬಾಂಗ್' ಎಂದು ಕರೆಯತೊಡಗಿದಳು. ಕೊನೆಗೆ ಅವನು, ಮದುವೆಯಾಗಿ ಸೆಂತಾನಿಗೆ ಬರ್ತೀಯಾ ಎಂದು ಕೇಳಿದ. ಉತ್ತರ ಎದುರಿಗೇ ಬೇಕೆಂದು ಜಕಾರ್ತಾಕ್ಕೆ ಟಿಕೆಟ್ಟನ್ನೂ ತೆಗೆಸಿದ. 'ಭಾನುವಾರ ಏಳು ಗಂಟೆಗೆ ಅದೇ ಅಂಗಡಿಗೆ ಬಾ' ಎಂದು ಅವಳು ಸಂದೇಶ ಕಳಿಸಿದಳು.

ಭಾನುವಾರ ಅಂಗಡಿಗೆ ಹೋದರೆ ಅವನಿಲ್ಲ! ರಾತ್ರಿಪಾಳಿ ಮುಗಿಸಿ ಮಲಗುವಾಗ ಆರಿಸಿದ್ದ ಫೋನನ್ನು ಅಲ್ಲೇ ಹಚ್ಚಿದಳು. ಅವನ ಎರಡು ಕರೆ, ಒಂದು ಸಂದೇಶ: 'ಉತ್ತರ ಅರ್ಥ ಆಯ್ತು. ಮಧ್ಯಾಹ್ನದ ವಿಮಾನಕ್ಕೆ ಹೊರಟೆ. ಇನ್ನು ತೊಂದರೆ ಕೊಡಲ್ಲ.'

ಯಾವ ಉತ್ತರ? ಬಾಯಿ ತೆರೆಯುವ ಮೊದಲೇ ಓಡಿಹೋದ ಗಂಡಸಿಗೆ ಎಂಥ ಅಹಂಕಾರ! ಇಂಥವನಿಗಾಗಿ ಅಮ್ಮನ ಜತೆ ಜಗಳವಾಡಿದೆನಲ್ಲಾ ಎಂದು ಹಲ್ಲು ಕಚ್ಚಿದಳು. ಮೂರು ವಾರ ಅವನೂ ಮಾತಾಡಲಿಲ್ಲ, ಇವಳೂ ಮಾತಾಡಲಿಲ್ಲ. ಮನೆಯಲ್ಲಿ ಸಿಕ್ಕಸಿಕ್ಕವರ ಮೇಲೆ ಹರಿಹಾಯ್ದಳು.

ಒಂದು ದಿನ ಕಚೇರಿಯಲ್ಲಿ ಮಧ್ಯಾಹ್ನ ಎರಡಕ್ಕೆ ಹೊರಡುವ ವಿಮಾನದ ಹಾಳೆಯನ್ನು ಕಂಪ್ಯೂಟರಿನಲ್ಲಿ ತುಂಬುತ್ತಿದ್ದಳು. ಹೊರಡುವ ಸಮಯದ ಚೌಕದಲ್ಲಿ ಬೆರಳು ತಾನಾಗಿ 'ಏಳು' ಎಂದು ಒತ್ತಿತು. ಇವಳ ಕೆಲಸದಲ್ಲಿ ಜಗತ್ತಿಗೆಲ್ಲ ಒಂದೇ ಗ್ರೀನಿಚ್ ಗಡಿಯಾರ, ಜಕಾರ್ತಾಕ್ಕಿಂತ ಏಳು ಗಂಟೆ ಹಿಂದೆ.

ತಿಯುರ್ಮಾ ಆ 'ಏಳು' ಅನ್ನೇ ಮತ್ತೆ ನೋಡಿದಳು. ಅಯ್ಯೋ... ಅವನಿಗೂ ಹೀಗೇ ಬರೆದಿದ್ದೆನಲ್ಲಾ! ಅವನು ಬೆಳಿಗ್ಗೆ ಏಳಕ್ಕೆ ಬಂದು ಕೂತಿದ್ದಾನೆ. ನಾನು ಹೋಗಿದ್ದು ಮಧ್ಯಾಹ್ನ ಎರಡಕ್ಕೆ!

ಕರೆ ಮಾಡಿದರೆ ಎತ್ತಲಿಲ್ಲ. ರಜೆ ಬರೆದು ವಿಮಾನ ಹತ್ತಿದಳು.

ಸೆಂತಾನಿ ಸರೋವರದ ದಂಡೆಯ ಶಾಲೆಯಿಂದ ಹೊರಬಂದ ಮೆಲ್ಕಿಯಾಸ್ ಅವಳನ್ನು ಕಂಡು ಮುಖ ತಿರುಗಿಸಿದ. ಅವಳು ಗಡಿಯಾರದ ತಪ್ಪನ್ನೆಲ್ಲ ಹೇಳಿ ಒಪ್ಪಿಕೊಂಡಳು.

"ಐದು ಗಂಟೆ ಕಾದೆ, ನೋನಾ. ನಾಲ್ಕು ಕಾಫಿ ಕುಡಿದೆ. ಅಂಗಡಿಯವಳಿಗೇ ನನ್ನ ಮೇಲೆ ಕನಿಕರ ಬಂತು."

"ಬೈದುಬಿಡು, ಬಾಂಗ್."

"ಬೈದು ಏನು ಬಂತು? ಅವತ್ತು ಸಿಕ್ಕಿದ್ರೆ ಏನು ಹೇಳ್ತಿದ್ದೆ?"

ಅವಳು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಬೇಡ ಅಂತಿದ್ದೆ. ಅಷ್ಟು ದೂರ ಬಂದು ಬದುಕೋಕೆ ನನ್ನಿಂದಾಗಲ್ಲ ಅಂತ."

ಅವನ ಮುಖ ಬಾಡಿತು. "ಈಗ?"

"ಇಷ್ಟು ದಿನ ಬರೀ ಲೆಕ್ಕ ಹಾಕ್ತಿದ್ದೆ, ಬಾಂಗ್. ಇವತ್ತು ಕೂತು ಬಂದೆ. ಐದು ಗಂಟೆ ಇಪ್ಪತ್ತು ನಿಮಿಷ..." ಅವಳು ಅವನ ಕೈ ಹಿಡಿದಳು. "ಅಷ್ಟೇನೂ ದೂರ ಇಲ್ಲ."