ನೋಡದೆ ಬರೆದ ಗಾಳಿ

"ಆ ಪುಸ್ತಕದ ಖಾಲಿ ಮನೆಗಳಿಗೆ ಮಾತ್ರ ಕೈ ಹಾಕ್ಬೇಡಿ ಮೇಷ್ಟ್ರೇ," ಎಂದು ಮೇಲ್ವಿಚಾರಕಿ ಹೇಳಿದಾಗ ಅವನು ನಕ್ಕುಬಿಟ್ಟ.

ಆ ನೆಲಮಾಳಿಗೆಯ ಕೆಲಸಕ್ಕೆ ಅವನು ಸೇರಿ ಒಂಬತ್ತು ದಿನವಾಗಿತ್ತು. ಹಿಂದೆ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದನೆಂದು ತಿಳಿದದ್ದೇ ತಡ, ಎಲ್ಲರೂ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಹಳೆಯ ಹಾಯಿಹಡಗುಗಳ ದಿನಚರಿಗಳನ್ನು ಓದಿ ಕಂಪ್ಯೂಟರಿಗೆ ಏರಿಸುವುದು ಅಲ್ಲಿಯ ಕೆಲಸ. ನಾವಿಕರು ನಾಲ್ಕು ಗಂಟೆಗೊಮ್ಮೆ ಡೆಕ್ಕಿನ ಮೇಲೆ ನಿಂತು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಎಷ್ಟು ಜೋರಾಗಿದೆ ಎಂದು ಬರೆದಿಟ್ಟದ್ದು ಇವತ್ತಿನ ಹವಾಮಾನದ ಪಂಡಿತರಿಗೆ ಬೇಕಾಗಿತ್ತು. ಗಾಳಿಯ ಜೋರಿಗೆ ಸೊನ್ನೆಯಿಂದ ಹನ್ನೆರಡರವರೆಗೆ ಅಂಕಿ. ಸೊನ್ನೆಯೆಂದರೆ ಹಾಯಿ ಜೋತುಬಿದ್ದ ನಿಶ್ಚಲ, ಹನ್ನೆರಡೆಂದರೆ ಚಂಡಮಾರುತ. ನಾವಿಕರು ಬರೆಯದೆ ಬಿಟ್ಟ ಮನೆಗೆ ಒಂದು ಅಡ್ಡಗೆರೆ ಹಾಕಿ ಮುಂದೆ ಹೋಗಬೇಕು, ಊಹಿಸಿ ತುಂಬುವಂತಿಲ್ಲ.

"ಯಾಕಂತೆ?" ಎಂದ ಅವನು.

ಮೇಲ್ವಿಚಾರಕಿ ದನಿ ತಗ್ಗಿಸಿದಳು. "ಆ ಪುಸ್ತಕದ ಹಡಗಲ್ಲಿ ಒಬ್ಬ ಅಧಿಕಾರಿ ಡೆಕ್ಕಿಗೇ ಹೋಗ್ತಿರ್ಲಿಲ್ವಂತೆ. ಹಾಸಿಗೇಲಿ ಬಿದ್ಕೊಂಡೇ ಗಾಳಿ ಮೆಲ್ಲಗಿದೆ ಅಂತ ಗೀಚ್ತಿದ್ದ. ಅದನ್ನ ನಂಬಿ ಹಾಯಿ ಬಿಚ್ಚಿದ ಹನ್ನೊಂದು ಜನ ನೀರುಪಾಲಾದ್ರು. ಅವರಲ್ಲಿ ಒಬ್ಬನ ಹೆಂಡ್ತಿ ಈ ಪುಸ್ತಕ ತರಿಸ್ಕೊಂಡು, ತನ್ನ ಜಡೆ ಕತ್ತರಿಸಿ, ಮಂತ್ರ ಹೇಳ್ತಾ ಇದರ ಬೆನ್ನಿಗೆ ಹೊಲಿದಿದಾಳೆ. ನೋಡದೆ ಬರೆದವನ ಮನೆಗೆ, ಬರೆದದ್ದೇ ಬರ್ಲಿ ಅಂತ. ಅವನಿಗಲ್ಲ, ಅವನ ಮನೆಗೆ."

"ಹಾಗಿದ್ರೆ ಚಿನ್ನದ ಮಳೆ ಅಂತ ಬರೀತೀನಿ ಬಿಡಿ."

ಅವಳು ನಗಲಿಲ್ಲ. ಕನ್ನಡಕ ಒರೆಸಿಕೊಂಡು ತನ್ನ ಮೇಜಿಗೆ ಹೋದಳು.

ಅವನು ಪುಸ್ತಕ ಬಿಚ್ಚಿದ. ಉಪ್ಪು, ಬೂಷ್ಟು, ಅದರಡಿಯಲ್ಲಿ ಹಳೆಯ ಕೂದಲಿನ ಕಮಟು ಗಪ್ಪೆಂದು ಮೂಗಿಗೆ ಹೊಡೆಯಿತು. ಬೆನ್ನಿನ ಹೊಲಿಗೆ ಕಪ್ಪಗೆ ನುಣ್ಣಗಿತ್ತು, ಬೆರಳಿಟ್ಟರೆ ತಣ್ಣಗೆ. ಹನ್ನೊಂದು ಗಂಟೆಯ ಹೊತ್ತಿಗೆ ಆ ಪುಟ ಬಂತು. ಮೇಲೆಲ್ಲ ಸೊನ್ನೆ, ಕೆಳಗೆಲ್ಲ ಸೊನ್ನೆ, ನಡುವೆ ಒಂದು ಮಧ್ಯಾಹ್ನದಿಂದ ಮರುಬೆಳಗಿನವರೆಗೆ ಆರು ಖಾಲಿ ಮನೆ. ಹದಿನೈದು ವರ್ಷ ಮಕ್ಕಳ ಕೈಲಿ ಬಿಟ್ಟ ಸ್ಥಳ ತುಂಬಿಸಿದ ಮನುಷ್ಯ ಅವನು, ಕೈ ಸುಮ್ಮನಿರಬೇಕಲ್ಲ! ಹಿಂದೆಯೂ ಸೊನ್ನೆ, ಮುಂದೆಯೂ ಸೊನ್ನೆ, ನಡುವೆ ಮಾತ್ರ ಬಿರುಗಾಳಿ ಎದ್ದು ಕುಣಿದಿತ್ತೇ? ಅವನು ಆರು ಸೊನ್ನೆ ಒತ್ತಿದ.

ಕುತ್ತಿಗೆಯ ಬೆವರು ಆರುವುದು ನಿಂತಿತು. ಅವನು ತಲೆಯೆತ್ತಿ ನೋಡಿದ. ಫ್ಯಾನು ಗರಗರನೆ ತಿರುಗುತ್ತಲೇ ಇತ್ತು. ಗಾಳಿ ಮಾತ್ರ ಇರಲಿಲ್ಲ.

ಫೋನು ಬಡಿದುಕೊಂಡಿತು. ಪಕ್ಕದ ಮನೆಯಾಕೆ. "ಬೇಗ ಬನ್ನಿ. ನಿಮ್ಮಕ್ಕಂಗೆ ಉಸಿರೇ ಬರ್ತಿಲ್ಲ."

ಅವನ ಮನೆಯೆಂದರೆ ಅಕ್ಕ ಒಬ್ಬಳೇ. ಅಪ್ಪ ಅಮ್ಮ ಹೋದಮೇಲೆ ಹೊಲಿಗೆ ಯಂತ್ರ ತುಳಿದು ಅವನನ್ನು ಓದಿಸಿದವಳು. ಇವತ್ತಿಗೂ ಅವನಿಗೆ ಗುಂಡಿ ಹಾಕಲು ಬರುವುದಿಲ್ಲವೆಂದು ಬೀದಿಗೆಲ್ಲ ಕೇಳುವಂತೆ ಆಡಿಕೊಳ್ಳುವವಳು. ಎರಡು ಬೀದಿಯಾಚೆಗಿನ ಮನೆಗೆ ಅವನು ಎದ್ದೆನೋ ಬಿದ್ದೆನೋ ಎಂದು ಓಡಿದ. ಅಕ್ಕ ಕಿಟಕಿಯ ಬಳಿ ಬಾಯಿ ತೆರೆದು ಕೂತಿದ್ದಳು. ಒಲೆಯ ಮೇಲಿನ ಪಾತ್ರೆಯಿಂದ ಎದ್ದ ಹಬೆ ಕಂಬದಂತೆ ನಿಂತೇ ಇತ್ತು. ಕೆಳಮನೆಯ ಡಾಕ್ಟರು ಎದೆಗೆ ಕೊಳವೆಯಿಟ್ಟು, "ಶ್ವಾಸಕೋಶ ಸರಿಯಾಗೇ ಇದೆ," ಎಂದು ಎರಡೆರಡು ಸಲ ಹೇಳಿದರು. ಆಮ್ಲಜನಕದ ಸಿಲಿಂಡರು ತಂದು ತಿರುಗಿಸಿದರೆ ಮುಳ್ಳು ಅಲುಗಲಿಲ್ಲ. ಇಬ್ಬರೂ ಸೇರಿ ಅವಳನ್ನು ಬೀದಿಗೆ ಹೊತ್ತು ತಂದರು. ಎಲ್ಲರ ಕೂದಲೂ ಗಾಳಿಗೆ ಹಾರುತ್ತಿತ್ತು, ಅಕ್ಕನ ಒಂದು ಎಳೆಯೂ ಮಿಸುಕಲಿಲ್ಲ. ನೂಲಿನಷ್ಟು ಉಸಿರು ಒಳಗೆ ಹೋಗುತ್ತಿತ್ತು, ಅಷ್ಟೇ. ಅವನಿಗೆ ಅಳುವುದಕ್ಕೂ ಆಗಲಿಲ್ಲ.

ಅವಳನ್ನು ಮತ್ತೆ ಹಾಸಿಗೆಗೆ ತಂದಾಗ ಮೇಲ್ವಿಚಾರಕಿ ಬಾಗಿಲಲ್ಲಿದ್ದಳು. ಕಂಪ್ಯೂಟರಿನ ಪರದೆಯ ಮೇಲೆ ಅವನ ಸೊನ್ನೆಗಳನ್ನು ಕಂಡು ಪುಸ್ತಕ ಎತ್ತಿಕೊಂಡೇ ಬಂದಿದ್ದಳು.

"ಅಳಿಸಿಬಿಡಿ, ಕಾಲಿಗೆ ಬೀಳ್ತೀನಿ," ಎಂದ ಅವನು.

"ಅಳಿಸಿ ಆಯ್ತು. ಅದರಿಂದ ಹೋಗಲ್ಲ. ನಾನೂ ಒಂದ್ಸಲ ಮಂಜು ಅಂತ ತುಂಬಿದ್ದೆ. ನನ್ನ ಮಗಳ ಕಣ್ಣಲ್ಲಿ ಇವತ್ತಿಗೂ ಮಂಜೇ ಇದೆ. ದಾರಿ ತಿಳಿಯೋಷ್ಟರಲ್ಲಿ ಹೊತ್ತು ಮೀರಿತ್ತು." ಅವಳು ಅವನ ಕೈಗೆ ಪೆನ್ನು ತುರುಕಿದಳು. "ನಿಮಗಿನ್ನೂ ಹೊತ್ತಿದೆ. ಆರು ಮನೆ, ಆರು ಹೊತ್ತು. ಒಂದೊಂದು ಹೊತ್ತಿಗೂ ಕಿಟಕೀಲಿ ನಿಂತು, ಕಣ್ಣಾರೆ ಕಂಡದ್ದನ್ನ ಇದರಲ್ಲೇ ಬರೀರಿ. ಕಂಡದ್ದು ಬರೆದ್ರೆ ಅದು ಸುಮ್ಮನಾಗುತ್ತೆ. ಏನೇ ಕಂಡ್ರೂ ಅದನ್ನೇ."

ಹನ್ನೆರಡು ಹೊಡೆಯಿತು. ಹೊರಗೆ ಒಣಹಾಕಿದ ಬಟ್ಟೆಗಳು ಪಟಪಟಿಸುತ್ತಿದ್ದವು. ಪಶ್ಚಿಮ, ನಾಲ್ಕು ಎಂದು ಬರೆದ. ಶಾಯಿ ಆರುವ ಮೊದಲೇ ಅಕ್ಕ ಗೊರಕ್ಕೆಂದು ಉಸಿರೆಳೆದಳು. ಹಬೆಯ ಕಂಬ ಕುಸಿದು ಚದುರಿತು.

ಸಂಜೆ ನಾಲ್ಕಕ್ಕೂ ಗಾಳಿಯಿತ್ತು, ಎಂಟಕ್ಕೂ ಇತ್ತು. ಇರುಳಿನ ಎರಡು ಹೊತ್ತು ಹೇಗೋ ದಾಟಿದವು. ಬೆಳಗಾಗುವಾಗ ಅಕ್ಕ ದಿಂಬಿಗೊರಗಿ, "ಇನ್ನೊಂದೇ ಮನೆ ಅಲ್ವೇನೋ? ಮುಗಿಸಿ ಶರ್ಟು ಬದಲಾಯಿಸು, ನಾತ ಹೊಡೀತಿದೀಯ," ಎಂದಳು. ಅವನು ನಕ್ಕ. ಬದುಕಿದೆವು ಎಂದುಕೊಂಡ.

ಎಂಟು ಗಂಟೆಗೆ ಕಿಟಕಿ ತೆರೆದ.

ಒಂದೆಲೆಯೂ ಅಲುಗುತ್ತಿರಲಿಲ್ಲ. ಎದುರು ಚಿಮಣಿಯ ಹೊಗೆ ನೆಟ್ಟಗೆ ಮೇಲೇರುತ್ತಿತ್ತು. ಅವನು ಬೆರಳು ನೆಕ್ಕಿ ಹೊರಗೆ ಚಾಚಿದ. ಏನೂ ಇಲ್ಲ. ಹಿಂದೆ ಅಕ್ಕನ ಉಸಿರು ಆಗಲೇ ನೂಲಾಗುತ್ತಿತ್ತು.

"ಸೊನ್ನೆ. ಬರೀರಿ," ಎಂದಳು ಮೇಲ್ವಿಚಾರಕಿ.

"ಮತ್ತೆ ಸೊನ್ನೇನಾ? ನನ್ನ ಕೈಯಿಂದಾನೇ?"

"ಕಂಡ ಸೊನ್ನೆ ಬೇರೆ, ಕಾಣದ ಸೊನ್ನೆ ಬೇರೆ. ಬರೀರಿ!"

"ಬರಿಯೋ..." ಎಂದಳು ಅಕ್ಕ. ಅವಳ ತುಟಿ ನೀಲಿಗಟ್ಟುತ್ತಿತ್ತು.

ಮೇಲ್ವಿಚಾರಕಿ ಹೇಳಿದ್ದು ಅವನಿಗೆ ಅರ್ಥವಾಗಿತ್ತು. ಲೆಕ್ಕದ ಮೇಷ್ಟ್ರಿಗೆ ಅರ್ಥವಾಗದೆ ಇರುತ್ತದೆಯೇ? ಆದರೆ ನಿನ್ನೆ ಆ ಅಂಕಿ ಅಕ್ಕನಿಗೆ ಏನು ಮಾಡಿತೆಂದು ಕಣ್ಣಾರೆ ಕಂಡವನ ಕೈ ಅದು. ಪೆನ್ನು ಕಾಗದಕ್ಕೆ ತಾಗಿತು. ಸೊನ್ನೆಯ ಸುತ್ತು ಹಾಕಲಿಲ್ಲ. ಸ್ವಲ್ಪವೇ ಗಾಳಿ. ಮುಖಕ್ಕೆ ತಿಳಿಯುವಷ್ಟು. ಯಾರಿಗೂ ನೋವಾಗದಷ್ಟು.

ನೈಋತ್ಯ, ಎರಡು.

ಮೇಲ್ವಿಚಾರಕಿ ಕಿರುಚಿದಳು.

ನೈಋತ್ಯದ ಮೂಲೆಯ ಹಾಸಿಗೆಯಲ್ಲಿ ಅಕ್ಕ ಉಸಿರು ಬಿಟ್ಟಳು. ಹಗುರವಾದ, ನೀಳವಾದ ಉಸಿರು. ಅವನಿಗೆ ಹಾಯೆನಿಸಿತು. ಅದು ನಿಲ್ಲಲಿಲ್ಲ. ಕಿಟಕಿಯ ಪರದೆ ಮೆಲ್ಲಗೆ ಉಬ್ಬಿತು. ಹೊಲಿಗೆ ಯಂತ್ರದ ಮೇಲಿನ ನೂಲಿನ ತುಂಡುಗಳು ಹಾರಿದವು. ಅವಳ ಕಣ್ಣುಗಳು ಅಗಲವಾದವು. ಎದೆ ತಗ್ಗಿತು. ಇನ್ನೂ ತಗ್ಗಿತು. ಅವನು ಹಾರಿ ಅವಳ ಬಾಯಿಗೆ ಕೈ ಒತ್ತಿದ. ಬೆರಳ ಸಂದಿಯಿಂದ ಬಂತು. ತಂಪಾಗಿ. ಉಪ್ಪುಪ್ಪಾಗಿ. ಒಂದೇ ಸಮನೆ. ಅವಳ ಕೈ ಅವನ ತೋಳು ಹಿಡಿಯಿತು, ಬಿಗಿಯಿತು, ಜಾರಿತು. ಆಮೇಲೂ ಅದು ಬರುತ್ತಲೇ ಇತ್ತು.

ಗಡಿಯಾರದಲ್ಲಿ ಎಂಟೂ ಹತ್ತು. ಗಾಳಿ ಮುಂದಿನ ಹೊತ್ತಿನವರೆಗೆ, ಹನ್ನೆರಡು ಗಂಟೆಯವರೆಗೆ ಬೀಸಬೇಕಿತ್ತು.