ಹದಿನೈದು ಚುಕ್ಕಿಯ ಬಾಗಿಲು

"ನಿಲ್ಲಿಸಿ!"

ಹಿಂದಿನಿಂದ ಬಂದ ಆ ಒಂದೇ ಕೂಗಿಗೆ ತೇಜುವಿನ ಬೆರಳ ಸಂದಿಯಿಂದ ರಂಗೋಲಿ ಪುಡಿ ಸುರಿದುಹೋಯಿತು.

ಬೆಳಗಿನ ಐದೂವರೆ. ಧನುರ್ಮಾಸದ ಮೊದಲ ದಿನ. ನುಂಗಂಬಾಕ್ಕಂನ ಆ ಹಳೆಯ ಬೀದಿಯಲ್ಲಿ ಎಲ್ಲ ಗೇಟುಗಳ ಮುಂದೆಯೂ ರಂಗೋಲಿ ಬಿದ್ದಿತ್ತು... ಒಂದು ಮನೆ ಬಿಟ್ಟು. ಅವಳು ಎರಡು ವಾರದಿಂದ ಮಹಡಿ ಮೇಲೆ ಬಾಡಿಗೆಗಿದ್ದ ಮನೆ ಅದು.

ಪಾಪ, ಕೆಳಗಿನ ಆಂಟಿಗೆ ಮಂಡಿನೋವು, ಬಗ್ಗೋಕಾಗಲ್ಲ ಅಂದುಕೊಂಡು ತಾನೇ ಬೇಗ ಎದ್ದು, ಗೇಟಿನ ಮುಂದೆ ನೀರು ಹಾಕಿ ಗುಡಿಸಿ, ಹದಿನೈದು ಚುಕ್ಕಿಯ ರಂಗೋಲಿ ಶುರು ಮಾಡಿದ್ದಳು. ಒಳ್ಳೆಯದು ಮಾಡಲು ಹೊರಟವರಿಗೇ ಮೊದಲ ಪೆಟ್ಟು ಬೀಳುವುದು, ನೋಡಿ!

ತಿರುಗಿದಳು. ಮನೆಯೊಡತಿ ರಮಾಬಾಯಿಯವರ ಮಗ ಸಮೀರ್. ಕಾಲೇಜಿನಲ್ಲಿ ಪಾಠ ಮಾಡುತ್ತಾನೆ ಎಂದಷ್ಟೇ ಗೊತ್ತಿತ್ತು. ಎದುರಾಬದುರು ನಿಂತದ್ದು ಇದೇ ಮೊದಲು. ಅವನ ಕಣ್ಣು ಅವಳ ಮೇಲಿರಲಿಲ್ಲ, ನೆಲದ ಮೇಲಿತ್ತು. ಮುಖ ಬಿಳಿಚಿಕೊಂಡಿತ್ತು.

"ಯಾರು ಹೇಳಿದ್ದು ನಿಮಗೆ?"

"ಯಾರೂ ಇಲ್ಲ... ನಾನೇ... ಎಲ್ಲರ ಮನೆ ಮುಂದೆ ಇತ್ತಲ್ಲಾ ಅಂತ..."

ಅವನು ಅವಳದೇ ಬಕೆಟ್ಟನ್ನು ಎತ್ತಿ, ಉಳಿದ ನೀರನ್ನೆಲ್ಲಾ ರಂಗೋಲಿಯ ಮೇಲೆ ಸುರಿದುಬಿಟ್ಟ. ಬಿಳಿ ನೀರು ಅವಳ ಪಾದ ತೋಯಿಸಿಕೊಂಡು ಚರಂಡಿಗೆ ಹರಿಯಿತು.

"ಈ ಮನೆ ವಾಸಲಲ್ಲಿ, ಬಾಗಿಲ ಮುಂದೆ, ಯಾರೂ ಕೋಲ ಹಾಕ್ಬಾರ್ದು. ಅಷ್ಟೇ."

ಗೇಟು ಧಡಾರೆಂದು ಮುಚ್ಚಿತು.

ತೇಜು ಮೇಲೆ ಬಂದು ಕೈ ತೊಳೆದುಕೊಳ್ಳದೇ ಕೂತಳು. ಅಳು ತಡೆಯಲಾಗಲಿಲ್ಲ. ಮಳವಳ್ಳಿಯಲ್ಲಿ ಅಜ್ಜಿ ಕರಿಯಮ್ಮ ಬೆರಳು ಹಿಡಿದು ರಂಗೋಲಿ ಕಲಿಸುವಾಗ ಹೇಳುತ್ತಿದ್ದಳು. "ಹಾಕಿರೋ ರಂಗೋಲಿ ತುಳೀಬಾರ್ದು ಕಣವ್ವಾ. ಆ ಮನೆಯೋರ ಎದೆ ತುಳ್ದಂಗೆ." ಇಲ್ಲಿ ಒಬ್ಬ ಬಕೆಟ್ ನೀರು ಹೊಯ್ದೇ ತೊಳೆದುಬಿಟ್ಟ!

'ಇಲ್ಲೂ ನನ್ನ ವಿಷಯ ಗೊತ್ತಾಗಿಬಿಡ್ತಾ?'

ಗೊತ್ತಾಗಲು ಸಾಧ್ಯವೇ ಇರಲಿಲ್ಲ. ಆದರೂ ಅವಳಿಗೆ ಹಾಗೇ ಅನಿಸಿತು.

ಆಗಸ್ಟ್‌ನಲ್ಲಿ ಅವಳ ನಿಶ್ಚಿತಾರ್ಥವಾಗಿತ್ತು. ಗೌರಿ ಹಬ್ಬಕ್ಕೆ ಗಂಡಿನ ಮನೆಯವರು ಕರೆದರೆಂದು ಹೋಗಿ ಊಟ ಮಾಡಿ ಬಂದಳು. ಒಂಬತ್ತನೇ ದಿನಕ್ಕೆ ಹುಡುಗನ ತಂದೆ ಬೈಕಿನಿಂದ ಬಿದ್ದು ತೀರಿಕೊಂಡರು. ಸಾವಿನ ಮನೆಯಲ್ಲೇ ಯಾರೋ ಅಂದರು: "ಹುಡುಗಿ ಕಾಲ್ಗುಣ..." ನಾಲಿಗೆಗೆ ಎಲುಬಿಲ್ಲ. ತಿಥಿ ಮುಗಿಯುವಷ್ಟರಲ್ಲಿ ಉಂಗುರ ವಾಪಸು ಬಂತು. ಹುಡುಗ ಒಂದು ಫೋನೂ ಮಾಡಲಿಲ್ಲ.

ಊರಲ್ಲಿ ಹೆಂಗಸರು ಅವಳನ್ನು ಕಂಡರೆ ಸೀರೆಯಂಚು ಸರಿಪಡಿಸಿಕೊಂಡು ಪಕ್ಕಕ್ಕೆ ಸರಿಯತೊಡಗಿದಾಗ, ಯಾರೂ ಪರಿಚಯವಿಲ್ಲದ ಊರು ಬೇಕೆಂದು ಅವಳು ಮದ್ರಾಸಿನ ಒಂದು ಕಣ್ಣಾಸ್ಪತ್ರೆಗೆ ಬಂದಿದ್ದಳು. ದೃಷ್ಟಿ ಪರೀಕ್ಷೆ ಮಾಡಿ ಕನ್ನಡಕದ ನಂಬರು ಬರೆಯುವ ಕೆಲಸ.

ಊರೇನೋ ಸಿಕ್ಕಿತು. ನೆಮ್ಮದಿ?

ಊರಿಂದ ತಂದ ಸ್ವೆಟರ್ ಸೂಟ್‌ಕೇಸಿನ ತಳ ಬಿಟ್ಟು ಏಳಲಿಲ್ಲ. ಚಳಿಯೇ ಇಲ್ಲದ ಊರಿನಲ್ಲಿ ಜನ ಮಂಕಿ ಕ್ಯಾಪ್ ಹಾಕಿ ಓಡಾಡುತ್ತಿದ್ದರು. ಸೂರ್ಯನ ಮುಖ ಕಂಡು ನಾಲ್ಕು ದಿನ. ಒಣಹಾಕಿದ ಬಟ್ಟೆಯೆಲ್ಲಾ ಮುಗ್ಗಲು ವಾಸನೆ. ಆಸ್ಪತ್ರೆಯಲ್ಲಿ ಗೋಡೆಯ ಮೇಲಿನ ತಮಿಳು ಅಕ್ಷರಗಳನ್ನು ಮುದುಕರು ಜೋರಾಗಿ ಓದುತ್ತಿದ್ದರು. ಸರಿ ಓದಿದರೋ ತಪ್ಪು ಓದಿದರೋ ಅವಳಿಗೇ ತಿಳಿಯದೆ, ಕೈಯಲ್ಲಿ ಚೀಟಿ ಹಿಡಿದು ತಾಳೆ ನೋಡುತ್ತಿದ್ದಳು.

ಅಂದೇ ಮಧ್ಯಾಹ್ನ ಮುಖ್ಯಸ್ಥರ ಬಳಿ ಹೋದಳು.

"ಮೇಡಂ, ಮೈಸೂರು ಶಾಖೆಗೆ ಹಾಕಿಕೊಡ್ತೀರಾ?"

"ಜನವರಿ ಹನ್ನೆರಡಕ್ಕೆ ಒಂದು ಜಾಗ ಖಾಲಿ ಆಗುತ್ತೆ. ಯೋಚಿಸಿ ಹೇಳಿ."

'ಯೋಚಿಸೋದೇನಿದೆ...' ಅಂದುಕೊಂಡಳು ತೇಜು.

ಮರುದಿನ ಅವಳ ಕೋಣೆಗೆ ಪರೀಕ್ಷೆಗೆ ಬಂದು ಕೂತವರು ರಮಾಬಾಯಿ!

"ಬೇಕಂತಲೇ ನಿನ್ ಹತ್ರ ಬಂದೆ ಕಣ್ಣಾ. ಮಹಡಿ ಹತ್ತೋಕೆ ನನ್ ಮಂಡಿ ಬಿಡಲ್ಲ."

ತೇಜು ದೀಪ ಆರಿಸಿ ಅಕ್ಷರಗಳನ್ನು ತೋರಿಸಿದಳು.

"ಕನ್ನಡ ಎಳುತ್ತು, ಅದೇ ಅಕ್ಷರ, ಇದ್ರೂ ನಂಗೆ ಓದೋಕ್ ಬರಲ್ಲಮ್ಮಾ. ನಾವು ನಾಲ್ಕು ತಲೆಮಾರಿಂದ ಇಲ್ಲೇ. ಸ್ಕೂಲಲ್ಲಿ ಎಲ್ಲಾ ತಮಿಳೇ."

"ನಂಗೆ ತಮಿಳು ಬರಲ್ಲ ಆಂಟಿ."

"ಆಮಾ... ಸರಿಹೋಯ್ತು. ನಾನ್ ಓದಿದ್ದು ನಿಂಗೆ ಗೊತ್ತಾಗಲ್ಲ, ನೀನ್ ಬರೆದಿದ್ದು ನಂಗೆ ಗೊತ್ತಾಗಲ್ಲ."

ಇಬ್ಬರೂ ನಕ್ಕರು. ಹದಿನೈದು ದಿನದಲ್ಲಿ ತೇಜು ನಕ್ಕಿದ್ದು ಅದೇ ಮೊದಲು. ಮುದುಕಿ ಅವಳ ಕೈ ಹಿಡಿದುಕೊಂಡರು.

"ನಿನ್ನೆ ಸಮೀರ ಮಾಡಿದ್ದು ತಪ್ಪು. ಆದ್ರೆ ಕೇಳು. ನಮ್ ಮನೇಲಿ ಮಾರ್ಗಳಿ, ಅದೇ ಧನುರ್ಮಾಸದ, ಕೋಲ ಹಾಕ್ತಿದ್ದಿದ್ದು ಇವರಪ್ಪ."

"ಗಂಡಸರು ರಂಗೋಲೀನಾ?"

"ನನ್ ಮಂಡಿ ಹೋದ್ಮೇಲೆ ಅವರೇ ಹಾಕೋರು. ಬದರಿನಾಥ ರಾವ್ ಕೋಲ ನೋಡೋಕೆ ಬೀದಿಯವರೆಲ್ಲಾ ಬರೋರು. ಹೋದ ವರ್ಷ ಮಾರ್ಗಳೀಲಿ ಒಂದು ದಿನ, ಬೆಳಗ್ಗೆ ಐದಕ್ಕೆ, ಹಾಕ್ತಾ ಇದ್ದವರು ಹಾಗೇ... ಅದರ ಮೇಲೇ ಬಿದ್ದುಬಿಟ್ರು. ಎದೆನೋವು. ಇನ್ನೂ ವರ್ಷ ತುಂಬಿಲ್ಲಮ್ಮಾ. ಅದಕ್ಕೇ ವಾಸಲು ಖಾಲಿ ಬಿಟ್ಟಿದ್ದು."

ತೇಜು ರಮಾಬಾಯಿಯವರ ಬರಿ ಹಣೆಯನ್ನು ಮೊದಲ ದಿನವೇ ಕಂಡಿದ್ದಳು. ಆದರೆ ವರ್ಷ ತುಂಬದ ಮನೆಯೆಂದು ಅವಳಿಗೆ ಹೇಳಿದವರಾರು? ಬಾಡಿಗೆಯವರು ಹೆದರಿ ಓಡಿಹೋದಾರೆಂದು ಬ್ರೋಕರ್ ಬಾಯಿ ಬಿಟ್ಟಿರಲಿಲ್ಲ.

ಅಯ್ಯೋ... ಅವರು ಬಿದ್ದ ಜಾಗದಲ್ಲೇ ತಾನು ಹೋಗಿ ಚುಕ್ಕಿ ಇಟ್ಟಳೇ!

ಅಂದು ಸಂಜೆ ಮೆಟ್ಟಿಲ ಮೇಲೆ ಸಮೀರ್ ಕಾದಿದ್ದ.

"ಸಾರಿ ತೇಜಸ್ವಿನಿ. ನಿಮ್ ಮೇಲಲ್ಲ ನನ್ ಕೋಪ."

"ನಾನೇ ಕ್ಷಮೆ ಕೇಳ್ಬೇಕು. ಗೊತ್ತಿದ್ರೆ ಖಂಡಿತ..."

"ಅಮ್ಮ ಎಲ್ಲಾ ಹೇಳಿರಲ್ಲ." ಅವನು ಕಂಬಿ ಹಿಡಿದು ನಿಂತ. "ಅವತ್ತು ಬೀದಿ ಲೈಟ್ ಇರಲಿಲ್ಲ. 'ಸಮೀರಾ, ಅಪ್ಪಂಗೆ ಟಾರ್ಚ್ ಹಿಡಿ' ಅಂತ ಅಮ್ಮ ಎಬ್ಬಿಸಿದ್ರು. ಐದು ನಿಮಿಷ ಅಂದೆ. ಮಗ್ಗಲು ಬದಲಾಯಿಸಿ ಮಲಗಿಬಿಟ್ಟೆ. ಎದ್ದು ಬಂದಾಗ... ಕೈಯಲ್ಲಿ ಪುಡಿ ಹಾಗೇ ಇತ್ತು."

ಒಂದು ವರ್ಷದಿಂದ ಯಾರಿಗೂ ಹೇಳದ ಮಾತು, ಮೇಲಿನ ಮನೆಯ ಅಪರಿಚಿತೆಗೆ ಹೇಳಿಬಿಟ್ಟಿದ್ದ.

"ಸಾವು ಬರೋಕೆ ಯಾರ ಅಪ್ಪಣೇನೂ ಕೇಳಲ್ಲ ಸಮೀರ್," ಅಂದಳು ತೇಜು. "ಅದನ್ನ ನಿಮ್ಮ ತಲೆಗೆ ಯಾಕೆ ಕಟ್ಕೋತೀರಾ?"

ಹೇಳಿದವಳಿಗೇ ಆಶ್ಚರ್ಯ. ಊರಿಗೆಲ್ಲಾ ಬುದ್ಧಿ ಹೇಳುವ ಬಾಯಿ, ತನ್ನ ಮನಸ್ಸಿಗೆ ಮಾತ್ರ ಹೇಳಿರಲಿಲ್ಲ.

ಆಮೇಲಿನ ದಿನಗಳು ಸದ್ದಿಲ್ಲದೆ ಹಗುರಾದವು. ಸಂಜೆಗೆ ಕೆಳಗಿನಿಂದ ಕಾಫಿ. ಸಮೀರ್ ಒಂದೊಂದೇ ತಮಿಳು ಅಕ್ಷರ ಬರೆದು ಕಲಿಸುತ್ತಿದ್ದ. ಪುರಸೈವಾಕ್ಕಂಗೆ ಕರೆದೊಯ್ದು ತೆಳು ಹೊದಿಕೆ ಕೊಡಿಸಿದ. ಅಜ್ಜಿಯ ಫೋನು ಬಂದಾಗ ತೇಜುವಿನ ದನಿಯಲ್ಲೇ ಗುಟ್ಟು ರಟ್ಟಾಯಿತು.

"ಉಂಡ್ಯಾ ಮಗಾ? ಚಳಿ ಐತಾ?"

"ಇಲ್ಲಜ್ಜಿ, ಇಲ್ಲಿ ಚಳೀನೇ ಇಲ್ಲ."

"ಚಳಿ ಇಲ್ದೆ ಹೋದ್ರೆ ಮಾತು ಯಾಕವ್ವಾ ಹಿಂಗ್ ಬೆಚ್ಚಗೈತೆ?"

ತೇಜು ನಾಚಿ ಫೋನಿಟ್ಟಳು. ಮೈಸೂರಿಗೆ ಹೋಗುತ್ತೇನೆಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ.

ಆದರೆ ಅವಳ ಪಾಲಿಗೆ ನಗು ಯಾವತ್ತು ನಿಂತಿದೆ?

ಜನವರಿ ಮೂರು. ಹಿಂದಿನ ದಿನದಿಂದ ಸುರಿದ ಮಳೆಗೆ ವೇಲಚೇರಿಯೆಲ್ಲಾ ಮೊಣಕಾಲುದ್ದ ನೀರು. ಅಲ್ಲಿನ ಕಣ್ಣಿನ ಶಿಬಿರ ಮುಗಿಸಿ ತೇಜು ಪೂರ್ತಿ ನೆನೆದು ಬಂದಿದ್ದಳು. ಮಂಡಿನೋವನ್ನೂ ಲೆಕ್ಕಿಸದೆ ರಮಾಬಾಯಿ ಬಿಸಿ ಕಾಫಿ ಹಿಡಿದು ಮೆಟ್ಟಿಲು ಹತ್ತಿದರು.

ಲೋಟ ಉರುಳಿದ ಸದ್ದು... ಹಿಂದೆಯೇ ಒಂದು ಚೀತ್ಕಾರ!

ಮುಂಗೈ ಮೂಳೆ ಬಿರುಕು ಬಿಟ್ಟಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ತೇಜು ಬಿಕ್ಕಿ ಬಿಕ್ಕಿ ಅತ್ತಳು. ಆಗಸ್ಟ್‌ನಿಂದ ಬಚ್ಚಿಟ್ಟಿದ್ದೆಲ್ಲಾ ಹೊರಬಂತು. ನಿಶ್ಚಿತಾರ್ಥ, ಬೈಕು, ಉಂಗುರ.

"ಎಲ್ಲಾ ನನ್ ಕಾಲ್ಗುಣ! ನಾನು ಹೋದ ಮನೇಲೆಲ್ಲಾ ಹಿಂಗೇ ಆಗುತ್ತೆ. ನಿಮ್ಮಮ್ಮ ನನಗೋಸ್ಕರ ಬಿದ್ರು!"

ಸಮೀರ್ ಅವಳನ್ನೇ ನೋಡಿದ. ತುಟಿ ಅಲುಗಿತು. ಮಾತು ಹೊರಡಲಿಲ್ಲ. ಅಷ್ಟರಲ್ಲಿ ನರ್ಸ್ ಕರೆದಳು. ಎದ್ದು ಹೋದ.

'ಅಲ್ಲ ಅನ್ನಲಿಲ್ಲ... ಒಂದು ಮಾತಿಗೂ ಅಲ್ಲ ಅನ್ನಲಿಲ್ಲ...'

ಮೌನಕ್ಕೆ ತನಗೆ ಬೇಕಾದ ಅರ್ಥ ಹಚ್ಚಿಕೊಳ್ಳುವುದರಲ್ಲಿ ನೊಂದ ಮನಸ್ಸನ್ನು ಮೀರಿಸುವವರುಂಟೇ? ಮರುದಿನವೇ ಅವಳು ಮೈಸೂರಿಗೆ ಒಪ್ಪಿಗೆ ಬರೆದುಕೊಟ್ಟಳು. ರಮಾಬಾಯಿ ಸುಮ್ಮನೆ ಅವಳ ತಲೆ ಸವರಿದರು. ಸಮೀರ್ ಮಾತ್ರ "ಯಾವತ್ತು ಹೊರಡೋದು?" ಎಂದಷ್ಟೇ ಕೇಳಿದ. "ಹತ್ತನೇ ತಾರೀಕು ಬೆಳಗ್ಗೆ," ಅಂದಳು. ಒಂಬತ್ತಕ್ಕೆ ಬದರಿನಾಥ ರಾಯರ ವರ್ಷಾಬ್ದಿಕ. ಅದು ಮುಗಿಯಲಿ ಎಂದು ಅವಳೇ ಪ್ರಯಾಣವನ್ನು ಒಂದು ದಿನ ಮುಂದೂಡಿದ್ದಳು.

ಹತ್ತನೇ ತಾರೀಕು. ಆರು ಗಂಟೆ. ಮಂಜು ಬಿದ್ದು ಬೀದಿ ಮಸುಕಾಗಿತ್ತು. ಆಟೋ ಬಂದು ನಿಂತಿತ್ತು. ಸೂಟ್‌ಕೇಸ್ ಎಳೆದುಕೊಂಡು ಇಳಿದ ತೇಜು ಗೇಟಿನ ಬಳಿ ಕಲ್ಲಾದಳು.

ಚುಕ್ಕಿಗಳು!

ಗೇಟಿನ ಈ ಕಂಬದಿಂದ ಆ ಕಂಬದವರೆಗೆ ಚುಕ್ಕಿಯೋ ಚುಕ್ಕಿ. ನಡುಸಾಲಿನಲ್ಲಿ ಹದಿನೈದು. ಕೆಲವು ದಪ್ಪ, ಕೆಲವು ಸೊಟ್ಟ. ಕಾಲಿಡಲು ಒಂದಂಗುಲ ಜಾಗವಿಲ್ಲ. ಆಚೆ ಬದಿಗೆ ಕುಕ್ಕರಗಾಲಿನಲ್ಲಿ ಕೂತಿದ್ದ ಸಮೀರ್. ಅಂಗಿಗೆಲ್ಲಾ ಬಿಳಿ ಪುಡಿ.

"ದಾರಿ ಬಿಡಿ ಸಮೀರ್... ರೈಲಿಗೆ ಹೊತ್ತಾಯ್ತು."

"ನಾನೆಲ್ಲಿ ತಡೆದಿದ್ದೀನಿ? ತುಳಿದುಕೊಂಡು ಹೋಗಿ."

ಅವಳು ಕಾಲೆತ್ತಿದಳು. ಇಡಲಾಗಲಿಲ್ಲ. ಕಣ್ಣು ತುಂಬಿ ಚುಕ್ಕಿಗಳೆಲ್ಲಾ ಕಲಸಿಹೋದವು.

"ಅವತ್ತು ಆಸ್ಪತ್ರೇಲಿ ನೀವು ಅಲ್ಲ ಅನ್ಲಿಲ್ಲ..."

"ಅಲ್ಲ ಅಂದು ಅಷ್ಟಕ್ಕೇ ನಿಲ್ಸೋಕೆ ನನ್ ಕೈಲಾಗ್ತಿರಲಿಲ್ಲ ತೇಜು. ಮುಂದಿನ ಮಾತೂ ಬಂದ್ಬಿಡ್ತಿತ್ತು. ಅಪ್ಪನ ವರ್ಷ ಮುಗಿಯೋವರೆಗೂ ಮನೇಲಿ ಮದುವೆ ಮಾತು ಎತ್ತೋ ಹಾಗಿಲ್ಲ. ಅಮ್ಮನಿಗೆ ಮಾತು ಕೊಟ್ಟಿದ್ದೆ. ನಿನ್ನೆ ಮುಗೀತು. ಇವತ್ತು ಹೇಳ್ತೀನಿ."

ಅವನು ಎದ್ದು ನಿಂತ.

"ಸಾವು ಬರೋಕೆ ಯಾರ ಅಪ್ಪಣೇನೂ ಕೇಳಲ್ಲ. ಅದನ್ನ ನಿಮ್ಮ ತಲೆಗೆ ಯಾಕೆ ಕಟ್ಕೋತೀರಾ? ಇದು ನಿಮ್ದೇ ಮಾತು. ಇದನ್ನ ಕೇಳಿದ್ಮೇಲೇ ನಾನು ಒಂದು ವರ್ಷದಲ್ಲಿ ಮೊದಲನೇ ಸಲ ನಿದ್ದೆ ಮಾಡಿದ್ದು. ನಂಗೆ ನಿಜ ಆಗಿದ್ದು ನಿಮಗೆ ಸುಳ್ಳು ಹೇಗಾಗುತ್ತೆ?"

"ಆದ್ರೆ ಅಮ್ಮನ ಕೈ..."

"ಮಳೇಲಿ ಮೆಟ್ಟಿಲು ಜಾರುತ್ತೆ. ಅಷ್ಟೇ." ಅವನ ದನಿ ಮೆತ್ತಗಾಯಿತು. "ನಿಮ್ಮ ಕಾಲು ಈ ಮನೆಗೆ ಬೇಕು ತೇಜು. ನಂಗೆ ನೀವು ಬೇಕು. ಅಪ್ಪ ಕೋಲ ಬರೆದಿಡ್ತಿದ್ದ ನೋಟ್‌ಬುಕ್ ನೋಡಿ ಚುಕ್ಕಿ ಇಟ್ಟೆ. ಗೆರೆ ಎಳೆಯೋಕೆ ಬರ್ತಿಲ್ಲ. ಅವತ್ತು ನಾನು ಅಳಿಸಿದ್ದನ್ನ... ನೀವೇ ಮುಗಿಸಿ ಕೊಡ್ತೀರಾ?"

ಆಟೋದವನು ಕತ್ತು ಹೊರಹಾಕಿ, ಬರುತ್ತೀರೋ ಇಲ್ಲವೋ ಎಂದು ತಮಿಳಿನಲ್ಲಿ ಕೂಗಿದ. "ಏಮ್ಮಾ, ವರೀಂಗಳಾ ಇಲ್ಲೈಯಾ?"

ತೇಜು ಸೂಟ್‌ಕೇಸಿನ ಹಿಡಿ ಬಿಟ್ಟಳು. ಅಲ್ಲೇ, ಗೇಟಿನ ಒಳಬದಿಯಲ್ಲಿ, ಮಂಡಿಯೂರಿ ಕೂತು ಕೈ ಚಾಚಿದಳು. ಸಮೀರ್ ಚುಕ್ಕಿಗಳ ಮೇಲಿಂದ ಬಾಗಿ ಪುಡಿಯ ಬಟ್ಟಲು ಕೊಟ್ಟ.

ಮೊದಲ ಗೆರೆ ಮೂರು ಚುಕ್ಕಿ ಬಳಸಿ ತಿರುಗಿತು. ಕಣ್ಣೀರು ಬಿದ್ದ ಕಡೆ ಪುಡಿ ಕರಗಿತು. ಅವಳು ಅದರ ಮೇಲೇ ಮತ್ತೆ ಎಳೆದಳು.

"ಸಮೀರಾ," ಒಳಗಿನಿಂದ ರಮಾಬಾಯಿ ಕೂಗಿದರು, "ಕಾಪಿ ಎರಡು ಲೋಟನಾ, ಮೂರಾ?"

"ಮೂರಮ್ಮಾ!" ಸಮೀರ್ ಅಲ್ಲಿಂದಲೇ ಕೂಗಿದ.

ತೇಜು ತಲೆಯೆತ್ತದೆ ಕೇಳಿದಳು.

"ಇನ್ನೂ ಕತ್ತಲೆ ಇದೆ. ಗೆರೆ ಕಾಣ್ತಿಲ್ಲ. ನಾಳೆಯಿಂದ ಟಾರ್ಚ್ ಹಿಡೀತೀರಾ?"

"ಹಿಡೀತೀನಿ."

"ಐದು ಗಂಟೆಗೆ ಏಳಬೇಕು."

"ನೀವು ಎಬ್ಬಿಸೋ ಮೊದಲೇ ಎದ್ದಿರ್ತೀನಿ ತೇಜು."