ಹೊಸ ದೋಣಿಯ ಐದನೇ ವರ್ಷ

ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಎಂಟು ಹತ್ತು. ನದಿ ದಂಡೆಯ ಠಾಣೆಯಲ್ಲಿ ಆಗಷ್ಟೇ ಕಸ ಗುಡಿಸಿ ಮುಗಿದಿತ್ತು. ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಬಂದು, ಜನರನ್ನು ಆಚೆ ದಡಕ್ಕೆ ದಾಟಿಸುವ ತನ್ನ ಮೋಟಾರು ದೋಣಿಯನ್ನು ಯಾರೋ ಮುಳುಗಿಸಿದ್ದಾರೆಂದು ದೂರು ಕೊಟ್ಟಳು. ಅವಸರದಲ್ಲಿ ಬಂದಿದ್ದಳು, ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಜೊತೆಗೆ ಬಂದ ಅವಳ ಅಣ್ಣ ಬೆಂಚಿನ ತುದಿಯಲ್ಲಿ ಕೂತು ನೆಲ ನೋಡುತ್ತಿದ್ದ.

"ದೋಣಿ ಯಾರ ಹೆಸರಲ್ಲಿದೆ?" ಇನ್ಸ್‌ಪೆಕ್ಟರ್ ಕೇಳಿದರು.

"ನನ್ನ ಹೆಸರಲ್ಲೇ ಸಾರ್. ನಮ್ಮನೆಯವರು ತೀರಿಕೊಂಡಾಗ ಅವರ ಆಫೀಸಿಂದ ಹನ್ನೆರಡು ಲಕ್ಷ ಬಂತು. ಅಷ್ಟನ್ನೂ ಅದಕ್ಕೇ ಹಾಕಿದ್ವಿ. ಐದು ವರ್ಷ ಆಗ್ತಾ ಬಂತು. ಓಡಿಸೋದು ಅಣ್ಣ."

"ಯಾರ ಮೇಲಾದ್ರೂ ಅನುಮಾನ?"

"ಯಾರ ಹೆಸರು ಹೇಳ್ಲಿ? ಆದರೆ ಹಿಡ್ಕೊಡಿ ಸಾರ್. ನಾನಿರೋ ಬಾಡಿಗೆ ಮನೆ ಮಾರಾಟಕ್ಕಿದೆ. ತಿಂಗಳ ಕೊನೆಯೊಳಗೆ ದೋಣಿ ಮಾರಿ ಅದನ್ನ ಕೊಂಡ್ಕೋಬೇಕಿತ್ತು. ಇಲ್ಲಾಂದ್ರೆ ಹೊಲಿಗೆ ಮಿಷನ್ನು ಹೊತ್ಕೊಂಡು ಬೀದಿಗೆ ಬೀಳ್ಬೇಕು." ಕೊರಳಿನ ಟೇಪು ತೆಗೆದು ಕೈಗೆ ಸುತ್ತಿಕೊಂಡಳು.

ಎಂಟು ನಲವತ್ತಕ್ಕೆ ಎಫ್‌ಐಆರ್ ಆಯಿತು. ಅಣ್ಣ ಮೊದಲ ಸಲ ಬಾಯಿಬಿಟ್ಟು, ವಿಮೆಯವರಿಗೆ ಕೊಡಲು ಒಂದು ಪ್ರತಿ ಬೇಕೆಂದ. ಕೊಟ್ಟು ಕಳಿಸಿದರು.

"ದೋಣಿ ಇನ್ನೂ ನೀರೊಳಗಿದೆ, ಈ ಮಹಾಶಯ ಆಗಲೇ ಕಾಗದದ ಮೇಲೆ ತೇಲ್ತಾ ಇದಾನೆ," ಎಂದ ಹೆಡ್ ಕಾನ್‌ಸ್ಟೆಬಲ್. ಮೂವತ್ತು ವರ್ಷದ ಸರ್ವೀಸಿನಲ್ಲಿ ಅವನ ಬಾಯಿಗೆ ಯಾರೂ ಬೀಗ ಹಾಕಿರಲಿಲ್ಲ.

ಹತ್ತೂಕಾಲಿಗೆ ಇನ್ಸ್‌ಪೆಕ್ಟರ್ ದೋಣಿ ನಿಲ್ಲುವ ಕಟ್ಟೆಗೆ ಹೋದರು. ನೀರಿನ ಮೇಲೆ ಚಾವಣಿಯ ಕಂಬಿಗಳಷ್ಟೇ ಕಾಣುತ್ತಿದ್ದವು. ಖಾಲಿ ಡ್ರಮ್ಮು ಕಟ್ಟಿ, ಸರಪಳಿ ಹಾಕಿ, ಆರು ಜನ ಎಳೆದು ದೋಣಿಯನ್ನು ದಡಕ್ಕೆ ತರುವಷ್ಟರಲ್ಲಿ ಮಧ್ಯಾಹ್ನ ಒಂದು ಗಂಟೆ. ಟಿಕೆಟ್ ಕೊಡುವವನನ್ನೂ ಇನ್ನೊಬ್ಬ ದೋಣಿಯವನನ್ನೂ ಪಂಚರಾಗಿ ನಿಲ್ಲಿಸಿಕೊಂಡು ಪಂಚನಾಮೆ ಶುರುವಾಯಿತು. ಎಂಜಿನ್ ಕೋಣೆಯ ಬೀಗ ಸರಿಯಾಗಿತ್ತು. ಅದನ್ನು ಒಡೆಸಿ ನೋಡಿದರೆ, ಎಂಜಿನ್ ತಂಪಾಗಲು ಹೊರಗಿನಿಂದ ನೀರು ತರುವ ಪೈಪಿನ ಬಿಗಿಪಟ್ಟಿಗಳನ್ನು ಪಾನಾ ಹಾಕಿ ಸಡಿಲಿಸಿದ್ದರು. ದೋಣಿಗೆ ನೀರು ನುಗ್ಗಿದ್ದು ಅಲ್ಲಿಂದಲೇ. ಅಷ್ಟರಲ್ಲಿ ಪೊಲೀಸರು ಕರೆತಂದಿದ್ದ ಮೆಕ್ಯಾನಿಕ್ ಒಳಗೆ ಕೈ ಹಾಕಿ "ಅಯ್ಯಯ್ಯೋ!" ಎಂದ.

"ಏನು?"

"ಎಂಜಿನ್ನಿಗೆ ಗಾಳಿ ಹೋಗೋ ಬಾಯಿಗೆ ಗ್ರೀಸ್ ಮೆತ್ತಿದ ಬಟ್ಟೆ ತುರುಕಿದಾರೆ ಸಾರ್. ಮೇಲೆ ಪ್ಲಾಸ್ಟಿಕ್ ಬೇರೆ ಕಟ್ಟಿದಾರೆ. ಹೊಗೆ ಕೊಳವೆಗೆ ಮರದ ಬೆಣೆ. ಎಂಜಿನ್ ಒಳಗೆ ತೊಟ್ಟು ನೀರೂ ಇಳಿದಿಲ್ಲ."

"ಹೀಗೆ ಯಾವಾಗ ಮಾಡ್ತಾರೆ?"

"ಪ್ರವಾಹದ ತಿಂಗಳಲ್ಲಿ ದೋಣಿ ನಿಲ್ಲಿಸಿಡುವಾಗ. ಓಡ್ತಿರೋ ದೋಣಿಗೆ ಯಾರೂ ಮಾಡಲ್ಲ. ಹೀಗಿದ್ರೆ ಸ್ಟಾರ್ಟೇ ಆಗಲ್ಲ."

ಹಿಂದಿನ ಸಂಜೆ ಆರಕ್ಕೆ ಇಪ್ಪತ್ತೆರಡು ಜನರನ್ನು ದಾಟಿಸಿದ್ದು ಟಿಕೆಟ್ ಪುಸ್ತಕದಲ್ಲಿತ್ತು. ಅಂದರೆ ಬಟ್ಟೆ ಕಟ್ಟಿದ್ದು ಆಮೇಲೆ. ಮುಳುಗಿಸಲು ಬಂದವನು ಎಂಜಿನ್ನಿಗೆ ನೀರು ಸೋಕಬಾರದೆಂದು ಇಷ್ಟು ಮುತುವರ್ಜಿ ವಹಿಸುತ್ತಾನೆಯೇ? ಹಗೆಯವನಿಗೆ ಆ ಕರುಣೆ ಎಲ್ಲಿಂದ ಬರಬೇಕು! ಇನ್ಸ್‌ಪೆಕ್ಟರ್ ಟೋಪಿ ಸರಿಮಾಡಿಕೊಂಡರು. ಅವರಿಗೆ ಈ ಕೇಸು ಅಲ್ಲೇ ಬೇಡವೆನಿಸಿತ್ತು.

ಮೂರು ಗಂಟೆಗೆ ದೋಣಿಗಳಿಗೆ ಬೆಲೆ ಕಟ್ಟುವವರ ಕಚೇರಿ. ಅಲ್ಲಿ ಬೆಲೆ ಕಟ್ಟುವ ಮುದುಕರು ಕಡತ ಬಿಚ್ಚಿದರು. ವರ್ಷಕ್ಕೊಂದರಂತೆ ಬೆಲೆಪತ್ರ, ಪ್ರತಿಯೊಂದಕ್ಕೂ ಅಣ್ಣನ ಸಹಿ. ಕೊನೆಯದು ಫೆಬ್ರವರಿ ಇಪ್ಪತ್ತರದು, ಐದು ಲಕ್ಷ ನಲವತ್ತು ಸಾವಿರ.

"ಹನ್ನೆರಡರದು ಐದಕ್ಕೆ ಬಂತೇ?"

"ಹೊಸದು ಅನ್ನೋ ಮಾತಿಗೇ ಒಂದು ಬೆಲೆ ಸಾರ್. ನೀರು ಸೋಕಿದ ದಿನವೇ ಅದು ಹೋಯ್ತು. ಮೊದಲ ಐದು ವರ್ಷ ದಬದಬ ಅಂತ ಇಳಿಯುತ್ತೆ, ಆಮೇಲೆ ನಿಧಾನ. ಇವನು ಕೊಳ್ಳೋವಾಗ ಹತ್ತು ವರ್ಷದ ಹಳೇ ದೋಣಿ ಐದು ಲಕ್ಷಕ್ಕಿತ್ತು. ಇಳಿಯೋದೆಲ್ಲ ಮೊದಲ ಯಜಮಾನನ ಕೈಲೇ ಇಳಿದಿತ್ತು. ಅದಕ್ಕೆ ಇವತ್ತೂ ನಾಲ್ಕೂಕಾಲು ಕೊಡ್ತಾರೆ. ಅದನ್ನೇ ತಗೊಳ್ಳಪ್ಪಾ ಅಂದೆ, ಕೇಳಲಿಲ್ಲ."

"ವಿಮೆ?"

"ದೋಣಿ ಹಾಳಾದ್ರೆ ಐದು ವರ್ಷದವರೆಗೆ ಹೊಸ ಬೆಲೆಯನ್ನೇ ಕೊಡ್ತಾರೆ. ಈ ಮಾರ್ಚ್ ಮೂವತ್ತೊಂದಕ್ಕೆ ಮುಗಿಯುತ್ತೆ."

ನಾಲ್ಕು ಐವತ್ತು. ಅಣ್ಣ ಕಟ್ಟೆಯ ಶೆಡ್ಡಿನಲ್ಲಿ ಹಗ್ಗ ಸುತ್ತುತ್ತಿದ್ದ. ದೋಣಿಯಿಲ್ಲದವನಿಗೆ ಹಗ್ಗ ಯಾಕೆಂದು ಯಾರೂ ಕೇಳಲಿಲ್ಲ.

"ಎಂಜಿನ್ ಕೋಣೆಗೆ ಎಷ್ಟು ಕೀ?"

"ಒಂದೇ."

"ಯಾರ ಹತ್ರ?"

"ನನ್ ಹತ್ರ."

"ಬಟ್ಟೆ ಯಾಕೆ ಕಟ್ಟಿದೆ?"

ಅವನು ಹಗ್ಗ ಕೆಳಗಿಟ್ಟ. "ಕೈ ಬರಲಿಲ್ಲ ಸಾರ್. ದಿನಾ ಒರೆಸಿದ ಎಂಜಿನ್ನು. ಅದರ ಬಾಯಿಗೆ ನೀರು ಬಿಡೋಕೆ ಮನಸ್ಸಾಗಲಿಲ್ಲ."

ಉಳಿದದ್ದನ್ನು ಕೇಳದೆಯೇ ಹೇಳಿದ. "ಹಳೇದೇ ಸಾಕಣ್ಣ ಅಂದಿದ್ಲು ಅವಳು. ತಂಗಿ ದುಡ್ಡಲ್ಲಿ ಹಳೇ ಮಾಲು ಯಾಕೆ ಅಂತ ನಾನೇ ಹಟ ಹಿಡಿದೆ. ವರ್ಷ ವರ್ಷ ಬೆಲೆ ಕೇಳೋಳು. ಹಾಗೇ ಇದೆ ಕಣೇ, ಎಲ್ಲೂ ಹೋಗಿಲ್ಲ ಅಂತಿದ್ದೆ. ಈಗ ಅರ್ಧಾನೂ ಇಲ್ಲ ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ?"

ಐದೂವರೆಗೆ ದಸ್ತಗಿರಿ. ಸಂಬಂಧಿಕರಿಗೆ ತಿಳಿಸಬೇಕೆಂಬುದು ನಿಯಮ. ಸಂಬಂಧಿಕಳೂ ಅವಳೇ, ದೂರುದಾರಳೂ ಅವಳೇ. ಠಾಣೆಗೆ ಓಡಿ ಬಂದಳು.

"ದೂರು ವಾಪಸ್ ತಗೋತೀನಿ ಸಾರ್."

"ಆಗಲ್ಲಮ್ಮ. ಹನ್ನೊಂದು ಗಂಟೆಗೇ ವಿಮೆಯವರಿಗೆ ಅರ್ಜಿ ಹಾಕಿದಾನೆ. ಈಗಿದು ಮೋಸದ ಕೇಸು."

"ಹಾಗಾದ್ರೆ ದೋಣಿನಾದ್ರೂ ಬಿಡಿ. ಬಂದಷ್ಟಕ್ಕೆ ಮಾರ್ತೀನಿ."

"ಜಪ್ತಿ ಆಗಿದೆ. ಕೇಸು ಮುಗಿಯೋವರೆಗೂ ಮಾರೋ ಹಾಗಿಲ್ಲ." ಇನ್ಸ್‌ಪೆಕ್ಟರಿಗೆ ತಮ್ಮ ಮಾತು ತಮಗೇ ಕಹಿಯಾಯಿತು. ಬೇರೆ ಏನು ಹೇಳುವುದಕ್ಕೂ ದಾರಿಯಿರಲಿಲ್ಲ.

ಅವಳು ಅಣ್ಣನ ಕಡೆ ತಿರುಗಿದಳು. "ನನಗೆ ಗೊತ್ತಿತ್ತು ಕಣೋ. ಎರಡನೇ ವರ್ಷಾನೇ ನಿನ್ನ ಅಂಗಿ ಹೊಲಿಯೋವಾಗ ಜೇಬಲ್ಲಿ ಬೆಲೆಪತ್ರ ಸಿಕ್ತು. ನೀನೇ ಹೇಳ್ಲಿ ಅಂತ ವರ್ಷ ವರ್ಷ ಕೇಳ್ತಿದ್ದೆ, ನಾನೇ ಹೇಳಿದ್ರೆ ನೊಂದ್ಕೋತೀಯ ಅಂತ ಸುಮ್ನಿದ್ದೆ. ಮನೆ ಮಾಲೀಕರ ಹತ್ರ ಮಾತೂ ಆಗಿತ್ತು. ಈಗ ಐದು ಲಕ್ಷ, ಮಿಕ್ಕಿದ್ದು ಕಂತಲ್ಲಿ. ಐದು ಸಾಕಾಗಿತ್ತಲ್ಲೋ ಅಣ್ಣಾ!"

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಕಾನ್‌ಸ್ಟೆಬಲ್ ಒಳಗೆ ಕರೆದೊಯ್ದ.

"ಸಾರ್, ಕಾರಣ ಅಂತ ಏನು ಬರೀಲಿ? ದುರಾಸೆ ಅಂತಲಾ?" ಹೆಡ್ ಕಾನ್‌ಸ್ಟೆಬಲ್ ದನಿ ತಗ್ಗಿಸಿ ಕೇಳಿದ.

"ಬೇಡ. ತಂಗಿಗೆ ನಿಜ ಹೇಳಲಾಗದೆ ಅಂತ ಬರಿ."

ಹೊರಗಿನ ಬೆಂಚಿನಲ್ಲಿ ಅವಳು ಫೋನಿನಲ್ಲಿ ಮಾತಾಡುತ್ತಿದ್ದಳು. "ಮನೆ ಬೇರೆಯವರಿಗೇ ಕೊಟ್ಬಿಡಿ... ಇಲ್ಲ ಇಲ್ಲ, ಏನೂ ಆಗಿಲ್ಲ... ಹೂಂ, ಅಣ್ಣ ಚೆನ್ನಾಗಿದಾನೆ."